ಮೂವತ್ತು ಜನರ ಸ್ಪೀಕರ್

ಹಾಲ್‌ನ ನಡುವೆ ನಿಂತು ಹಿತೇಶ್ ಒಂದೇ ಒಂದು ಚಪ್ಪಾಳೆ ಹೊಡೆದ. ಆ ಸದ್ದು ನಾಲ್ಕು ಗೋಡೆಗೂ ಡಿಕ್ಕಿ ಹೊಡೆದು, ಅಡುಗೆಮನೆಗೆ ಹೋಗಿ ನೀರು ಕುಡಿದು, ದಿಲ್ಲಿಯ ದ್ವಾರಕಾದ ಏಳನೇ ಮಹಡಿಗೆಲ್ಲ ಪ್ರದಕ್ಷಿಣೆ ಹಾಕಿ ವಾಪಸು ಬಂತು.

"ಗೂಂಜ್ ತುಂಬಾ ಇದೆ ಅಂಕಲ್."

ದಿಲ್ಲಿಯಲ್ಲೇ ಹುಟ್ಟಿದ ಹಿತೇಶನ ಆಡಿಯೋ ಅಂಗಡಿಯ ಪದ್ಧತಿಯೇ ಅದು. ಮನೆಗೆ ಬಂದು ಪ್ರತಿಧ್ವನಿ ಕೇಳದೆ ಸಾಕ್ಷಾತ್ ಇಂದ್ರನಿಗೂ ಸ್ಪೀಕರ್ ಮಾರುವವನಲ್ಲ.

ಮನೆಯ ಯಜಮಾನ ಜಯಾನಂದನೇನು ಇಂದ್ರನಿಗೆ ಕಡಿಮೆಯೆ? ಸಿ.ಎ. ಕೋಚಿಂಗಿಗೆ ಹೆಸರಾದ ಲಕ್ಷ್ಮೀ ನಗರದಲ್ಲಿ ಅವನ ಹೋಟೆಲಿನ ದೋಸೆ ತಿನ್ನದೆ ಸಿ.ಎ. ಪಾಸಾದವನು ಭೂಮಂಡಲದಲ್ಲಿಲ್ಲ. ಊರಿಗೆ ಹೋದಾಗಲೆಲ್ಲ ಯಕ್ಷಗಾನದ ರಂಗಸ್ಥಳದೆದುರು ರೆಕಾರ್ಡರ್ ಹಿಡಿದು ಕೂತು, ಚೆಂಡೆ, ಮದ್ದಳೆ, ಭಾಗವತಿಕೆಯನ್ನೆಲ್ಲ ಇಪ್ಪತ್ನಾಲ್ಕು ಬಿಟ್‌ನಲ್ಲಿ ಬಾಚಿ ತಂದಿದ್ದ. ಎಂಪಿತ್ರೀ ಎಂದರೆ ನಿನ್ನೆಯ ಚಟ್ನಿ ಎಂದು ಮೂಗು ಮುರಿಯುತ್ತಿದ್ದ.

"ಎಷ್ಟು ಜನ ಕೇಳೋದು?"

"ಮೂವತ್ತು! ಪ್ರತಿ ಆದಿತ್ಯವಾರ ಬಾಗಿಲು ಮುರೀತಾರೆ ಮಾರಾಯ."

ಬಾಗಿಲ ಬಳಿ ಒಂದೇ ಜೊತೆ ಚಪ್ಪಲಿ. ಹಾಲ್‌ನಲ್ಲಿ ಒಂದೇ ಬೆತ್ತದ ಕುರ್ಚಿ. ಹಿತೇಶ್ ಎರಡನ್ನೂ ನೋಡಿ ಗಂಟಲು ಸರಿಮಾಡಿಕೊಂಡ.

"ಸಚ್ ಹೇಳ್ಲಾ ಅಂಕಲ್? ಒಬ್ರೇ ಕೇಳೋದಾದ್ರೆ ಹೆಡ್‌ಫೋನ್ ಬೆಸ್ಟ್. ಈ ರೂಮಲ್ಲಿ ದೊಡ್ಡ ಸ್ಪೀಕರ್ ಇಟ್ರೆ ಸೌಂಡ್ ಖಿಚಡಿ ಆಗುತ್ತೆ."

ಲ್ಯಾಪ್‌ಟಾಪಿಗೆ ಜೋಡಿಸಿ ಅವನೇ ಜಯಾನಂದನ ಕಿವಿಗೆ ಹೆಡ್‌ಫೋನ್ ಏರಿಸಿದ. ಅಬ್ಬಾ! ಭಾಗವತರು ವೀಳ್ಯವನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ದಾಟಿಸಿದ್ದೂ ಕೇಳಿತು. ಹಾಸ್ಯಗಾರ ಏನೋ ಅಂದ. ಇಡೀ ಬಯಲು ಗೊಳ್ಳೆಂದಿತು. ಜಯಾನಂದನೂ ನಕ್ಕು, "ಕೇಳಿತಾ?" ಎಂದು ಪಕ್ಕಕ್ಕೆ ತಿರುಗಿದ. ಸುಣ್ಣದ ಗೋಡೆ.

ಹೆಡ್‌ಫೋನ್ ತೆಗೆದು, ಒರೆಸಿ, ಪೆಟ್ಟಿಗೆಗೆ ಸೇರಿಸಿದ.

"ಇದು ಪಕ್ಕದವರಿಗೆ ಕೇಳುವುದಿಲ್ಲವಲ್ಲ. ದೊಡ್ಡ ಸ್ಪೀಕರೇ ಕೊಡು. ಜನ ಕೂತರೆ ಗೂಂಜ್ ಹೋಗ್ತದಾ?"

"ಬಿಲ್ಕುಲ್. ಮೈ, ಬಟ್ಟೆ ಎಲ್ಲಾ ಸೌಂಡ್ ಕುಡಿಯುತ್ತೆ. ಮೂವತ್ತು ಜನ ಬಂದ್ರೆ ಪರ್ದಾ ಕೂಡ ಬೇಡ."

ಆಳೆತ್ತರದ ಎರಡು ಸ್ಪೀಕರ್ ಬಂದವು. ಜೊತೆಗೆ ಹೋಟೆಲಿನಿಂದ ಟೆಂಪೋದಲ್ಲಿ ಮೂವತ್ತು ಪ್ಲಾಸ್ಟಿಕ್ ಕುರ್ಚಿಗಳೂ ಬಂದವು. ಜಯಾನಂದ ಮೂವತ್ತು ಫೋನ್ ಮಾಡಿದ. ದಿಲ್ಲಿಯಲ್ಲಿ ಅವನ ಬಳಗವೆಲ್ಲ ಹೋಟೆಲಿನವರೇ. ಜೀವಮಾನವಿಡೀ ಹೋಟೆಲ್ ನಡೆಸಿದವನು ಕರೆದದ್ದಾದರೂ ಯಾವ ದಿನ?

"ಆದಿತ್ಯವಾರವಾ! ನಿಮಗೆ ತಲೆ ಸಮ ಉಂಟಾ ಜಯಣ್ಣ? ಆ ದಿನ ನಮಗೆ ಉಸಿರಾಡ್ಲಿಕ್ಕೆ ಪುರ್ಸೊತ್ತಿಲ್ಲ," ಎಂದ ಗುರುಗ್ರಾಮದ ಯೋಗೀಶ. ಉಳಿದ ಇಪ್ಪತ್ತೊಂಬತ್ತು ಮಂದಿ ಹೇಳಿದ್ದೂ ಅದನ್ನೇ.

ಆದಿತ್ಯವಾರ ಸಂಜೆ ಐದಾಯಿತು, ಆರಾಯಿತು. ಫ್ಲಾಸ್ಕಿನ ಕಾಫಿ ಆರಿತು. ಹೊರಗೆ ಜನವರಿಯ ಮಂಜು ಮೆಟ್ರೋವನ್ನೇ ನುಂಗಿ ಹಾಕಿತ್ತು. ಜಯಾನಂದ ಮನೆಯಲ್ಲಿದ್ದ ರಜಾಯಿ, ಕಂಬಳಿ, ಸ್ವೆಟರ್, ಕೋಟುಗಳನ್ನೆಲ್ಲ ಹೊರಗೆಳೆದು ಒಂದೊಂದು ಕುರ್ಚಿಗೆ ಒಂದೊಂದು ಹೊದಿಸಿದ. ಹೋಟೆಲಿನ ಮೇಜುಬಟ್ಟೆಗಳೂ ಖರ್ಚಾದವು. ನಡುವೆ ನಿಂತು ಚಪ್ಪಾಳೆ ಹೊಡೆದ.

ಸದ್ದು ಮರಳಿ ಬರಲಿಲ್ಲ.

ಚೆಂಡೆ ಶುರುವಾಯಿತು. ಅವನು ಎರಡನೇ ಸಾಲಿನಲ್ಲಿ, ಕೂತವರ ಮೊಣಕಾಲು ದಾಟುವವನಂತೆ ಮೈ ಕುಗ್ಗಿಸಿಕೊಂಡು ಹೋಗಿ ಕೂತ. ಹಾಸ್ಯಗಾರನ ಮಾತಿಗೆ ಬಯಲೆಲ್ಲ ನಕ್ಕಾಗ ಪಕ್ಕದ ಕುರ್ಚಿಯ ಕೋಟು ಮೆಲ್ಲನೆ ಜಾರಿತು. ಅವನು ಬಾಗಿ ಅದನ್ನೆತ್ತಿ, ಕೊಡವಿ, ಕಾಲರ್ ಸರಿಪಡಿಸಿ ಮತ್ತೆ ಕೂರಿಸಿದ.