ಹಗಲುಗತೆಗೊಂದು ಹೂಂ

ಮಾಸ್ಕಿನ ಒಳಮೈಯಲ್ಲಿ ಮಂಜು, ಬಂತು, ಹೋಯಿತು, ಮತ್ತೆ ಬಂತು, ನಸುಕಿನಲ್ಲಿ ರಾಜಘಟ್ಟದ ಕೆರೆಯ ಮೇಲೆ ಕೂರುವಂಥದೇ, ಆದರೆ ಇದು ಅಂಗೈಯಗಲದ್ದು, ಪೇಷಂಟು ಮುನಿತಾಯಮ್ಮನ ಮೂಗುಬಾಯಿಯ ಮುಂದೆ — ಸಿಂಚನಾ, ಕನಸು ಕಾಣ್ತಿದೀಯಾ, ಮಾಸ್ಕ್ ಸರಿಯಾಗ್ ಹಿಡ್ಕೊ, ಎನ್ನುತ್ತಾರೆ ಚೈತ್ರ ಮೇಡಂ, ನಮ್ಮ ದೊಡ್ಡಬಳ್ಳಾಪುರದ ನರ್ಸುಗಳಿಗೆ ಉಸಿರಿನ ಮೆಷೀನು ಕಲಿಸಲು ಬೆಂಗಳೂರಿನಿಂದ ಬಂದಿರುವ ಡಾಕ್ಟರು, ಗಂಟಲಿಗೆ ಕೊಳವೆ ಇಳಿಸದೆ ಬರೀ ಮಾಸ್ಕಿನಿಂದ ಗಾಳಿ ತಳ್ಳುವುದು, ಕೇಳಲು ಎಷ್ಟು ಸುಲಭ, ಬೆಳಿಗ್ಗೆ ಅದನ್ನು ನಮ್ಮ ಮುಖಕ್ಕೇ ಹಾಕಿ ಕೂರಿಸಿದಾಗ ಗೊತ್ತಾಯಿತು, ಓಡುವ ಬಸ್ಸಿನ ಕಿಟಕಿಯಿಂದ ತಲೆ ಹೊರಗಿಟ್ಟ ಹಾಗೆ ರೊಯ್ಯೆಂದು ಗಾಳಿ, ನಾನು ಕಿತ್ತೆಸೆದೆ, ಪಕ್ಕದ ಪ್ರಿಯಾಂಕ ನಕ್ಕು ನಕ್ಕು ತನ್ನದನ್ನೂ ಬೀಳಿಸಿಕೊಂಡಳು, ಮೇಡಂ ಮಾತ್ರ ನಗಲಿಲ್ಲ, ನಿಮಗೇ ಹೀಗಾದ್ರೆ ಪೇಷಂಟಿಗೆ ಹೇಗಾಗ್ಬೇಕು, ಮೊದಲೇ ಪಟ್ಟಿ ಕಟ್ಬೇಡಿ, ಕೈಯಲ್ಲಿ ಹಿಡೀರಿ, ಒಗ್ಗಿಕೊಳ್ಳೋಕೆ ಬಿಡಿ — ಮಧ್ಯಾಹ್ನ ವಾರ್ಡಿನಲ್ಲಿ ಮುನಿತಾಯಮ್ಮ ಎದುರಿಗೆ ಬಂದಾಗ ನಾನು ಮಾಡಿದ್ದೇನು, ಮೊದಲು ಪಟ್ಟಿಯನ್ನೇ ಬಿಗಿದೆ, ದನಕರುಗಳ ಮನೆಯಲ್ಲಿ ಬೆಳೆದ ಕೈ, ಮಣ್ಣು ತಿನ್ನುವ ಕರುವಿನ ಬಾಯಿಗೆ ಕುಕ್ಕೆ ಕಟ್ಟಿದ ಹಾಗೆ ಕಿವಿಯ ಹಿಂದೆ ಒಂದು ಜಗ್ಗು, ಅವರು ಕಿತ್ತು ನನ್ನ ಮೇಲೇ ಎಸೆದರು, ಯಾರ್ ಹೊಲ ಮೇಯ್ದಿದ್ನಮ್ಮಾ ನಾನು, ಬಾಯ್ಗೆ ಕುಕ್ಕೆ ಹಾಕ್ತೀಯಾ, ಒಂದೊಂದು ಮಾತಿಗೂ ಉಸಿರೆಳೆಯುತ್ತಾ, ಜೀವಮಾನವೆಲ್ಲ ಒಲೆಯ ಹೊಗೆ ಕುಡಿದ ಎದೆ ತಿದಿಯ ಹಾಗೆ ಏರಿಳಿಯುತ್ತಾ, ಬಾಗಿಲಲ್ಲಿ ಅವರ ಮಗ ದೇವರಾಜ್ ಗೋಡೆಗೊರಗಿ ನಿಂತಿದ್ದ, ಮೇಡಂ ಅವನಿಗೆ ಹೇಳಿದ್ದು ನನಗೂ ಕೇಳಿಸಿತು, ಒಂದ್ ಗಂಟೆ ಮಾಸ್ಕ್ ಇಟ್ಕೊಂಡ್ರೆ ಇಲ್ಲೇ ಸುಧಾರಿಸ್ಬೋದು, ಇಲ್ಲಾಂದ್ರೆ ಆಂಬುಲೆನ್ಸು, ಬೆಂಗಳೂರು, ಗಂಟಲಿಗೆ ಕೊಳವೆ.

ಕೊಳವೆ ಎಂದೊಡನೆ ಪಟ್ಟಿಯ ಗೊಡವೆ ಬಿಟ್ಟು ಮಾಸ್ಕನ್ನು ಬರಿಗೈಯಲ್ಲಿ ಹಿಡಿದೆ, ಅವರ ಕೈಯನ್ನೂ ಅದರ ಮೇಲಿಟ್ಟೆ, ಬೇಡ ಅನ್ಸಿದ್ರೆ ನೀವೇ ತೆಗೀರಿ ಅಜ್ಜಿ, ತೆಗೆದೇಬಿಟ್ಟರು, ಮತ್ತೆ ಇಟ್ಟೆ, ಮೆಷೀನು ಊದುವಾಗ ಅವರು ಹೊರಗೆ ಬಿಡುತ್ತಾರೆ, ಅವರು ಎಳೆಯುವಾಗ ಅದು ಸುಮ್ಮನಾಗುತ್ತದೆ, ಒಂದೇ ಬಾಗಿಲಲ್ಲಿ ಎದುರುಬದುರಾದ ಬೀಗಿತ್ತಿಯರ ಹಾಗೆ, ಆಗ ಯಾಕೋ ಬಾಯಿಗೆ ನಮ್ಮಜ್ಜಿ ಸಪ್ಪಲಮ್ಮ ಹೇಳುತ್ತಿದ್ದ ಕತೆ ಬಂತು, ಒಂದೂರಲ್ಲಿ ಒಬ್ಳು ಕಿರಿಸೊಸೆ, ಕಣದಲ್ಲಿ ರಾಗಿ ತೂರೋಕೆ ಗಾಳಿ ಇಲ್ಲ, ಅತ್ತೆ ಅಂದ್ಲು, ಹೋಗೇ, ಮಡಕೇಲಿ ಗಾಳಿ ತುಂಬ್ಕೊಂಡ್ ಬಾ — ಮಾಸ್ಕ್ ಮೇಲೆದ್ದಿತು, ಹಗಲೊತ್ತು ಕತೆ ಹೇಳ್ಬಾರ್ದು ಕಣಮ್ಮಾ, ಸೋದರಮಾವ ದಾರಿ ತಪ್ತಾನೆ, ಅಯ್ಯೋ, ನನಗೆ ಗೊತ್ತಿಲ್ಲವೇ, ನಮ್ಮಜ್ಜಿ ದೀಪ ಹಚ್ಚುವ ಮುಂಚೆ ಕತೆಗೆ ಬಾಯಿ ತೆರೆದವಳಲ್ಲ, ನಮ್ಮ ಚಲಪತಿ ಮಾವ ಏರ್‌ಪೋರ್ಟಲ್ಲಿ ಟ್ಯಾಕ್ಸಿ ಓಡಿಸ್ತಾನೆ ಅಜ್ಜಿ, ಮೊಬೈಲೇ ದಾರಿ ಹೇಳತ್ತೆ, ತಪ್ಪಿದ್ರೆ ತಪ್ಲಿ ಬಿಡಿ, ನೀವು ಹೂಂ ಅನ್ನಿ, ಹೂಂ ಅನ್ದಿದ್ರೆ ಕತೆ ಮುಂದಕ್ಕೆ ಹೋಗಲ್ಲ, ಮುನಿತಾಯಮ್ಮ ನನ್ನನ್ನೇ ನೋಡಿದರು, ಆಮೇಲೆ ಮಾಸ್ಕನ್ನು ತಾವೇ ಮೂಗಿನ ಮೇಲೆ ಕೂರಿಸಿಕೊಂಡರು, ಹೂಂ — ಹೂಂ ಎಂದರೆ ಉಸಿರು ಹೊರಗೆ, ಹೊರಗೆ ಹೋದದ್ದು ತಾನಾಗಿ ಒಳಗೆ, ಒಳಗೆಳೆದೊಡನೆ ಮೆಷೀನೂ ಜೊತೆಗೂಡಿ ಊದುತ್ತದೆ, ಮೊದಲನೇ ಕೆರೆ ದಾಟಿದ್ಲು, ಹೂಂ, ಮಂಜು, ಎರಡನೇ ಕೆರೆ ದಾಟಿದ್ಲು, ಹೂಂ, ಮಂಜು, ಪಟ್ಟಿ ಕಟ್ಟುತ್ತೇನೆ, ಈ ಸಲ ಬೆರಳು ಆಡುವಷ್ಟು ಸಡಿಲ, ಅವರಿಗೆ ಗೊತ್ತೇ ಆಗುವುದಿಲ್ಲ, ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನ ಆಕ್ಸಿಜನ್ ಅಂಕಿ ಮೆಲ್ಲಗೆ ಮೇಲೇರುತ್ತಿದೆ, ಹಿಂದಿನಿಂದ ಪ್ರಿಯಾಂಕ, ಲೇ, ಗಟ್ಟಿಯಾಗ್ ಹೇಳೇ, ನಂಗೂ ಕೇಳ್ಬೇಕು, ಜೇಬಿನಲ್ಲಿ ಫೋನು ನಡುಗುತ್ತದೆ, ಕಣ್ಣಂಚಿನಲ್ಲಿ ನೋಡಿದರೆ ಮಾವನ ಮೆಸೇಜು, ಸಿಂಚು, ಹೊಸಕೋಟೆಗೆ ಅಂತ ಹೊರಟವ್ನು ನಂದಗುಡಿಗೆ ಬಂದ್ಬಿಟ್ಟಿದೀನಿ, ಮ್ಯಾಪು ಕೈಕೊಡ್ತು — ನಗು ಉಕ್ಕುತ್ತಿದೆ, ನಗಬಾರದು, ನಕ್ಕರೆ ಕತೆ ಮುರಿಯುತ್ತದೆ, ಕಿರಿಸೊಸೆ ಗಾಳಿರಾಯನ ಬಾಗಿಲು ತಟ್ಟಿದ್ಲು, ಹೂಂ, ಬಾಗಿಲು ತೆರೀತು, ಹೂಂ, ಆಮೇಲೆ — ಆಮೇಲೇನು, ನನಗೇ ಗೊತ್ತಿಲ್ಲ, ಚಿಕ್ಕಂದಿನಲ್ಲಿ ಪ್ರತಿ ಸಲವೂ ಇಲ್ಲಿಗೇ ನನ್ನ ಹೂಂ ನಿಂತು ನಿದ್ದೆ, ಹೂಂ ನಿಂತರೆ ನಮ್ಮಜ್ಜಿಯೂ ನಿಲ್ಲಿಸುತ್ತಿದ್ದಳು, ಏನಾದರೂ ಕಟ್ಟಬೇಕು, ಗಾಳಿರಾಯ ಅಂದ, ಮಡಕೆ ಕೊಡು — ಹೂಂ ಬರಲಿಲ್ಲ. ಅಜ್ಜೀ. ನಿದ್ದೆ ಅಂತ ನಂಬ್ಬೇಡಿ, ಕರೆದು ನೋಡಿ, ಕೆಲವರು ನಿದ್ದೆ ಥರಾನೇ ಮುಳುಗ್ಬಿಡ್ತಾರೆ, ಬೆಳಿಗ್ಗೆ ಮೇಡಂ ಹೇಳಿದ್ದು, ಅಜ್ಜೀ, ಭುಜ ತಟ್ಟುತ್ತೇನೆ, ಮುನಿತಾಯಮ್ಮಜ್ಜೀ — ಒಂದು ಕಣ್ಣು ತೆರೆಯಿತು, ಮಡಕೆ ಕೊಟ್ಳಾ ಇಲ್ವಾ, ಎಂದಿತು ಮಾಸ್ಕಿನೊಳಗಿನ ದನಿ, ಒಂದೇ ಉಸಿರಿಗೆ ಎಂದಿತು, ಕಣ್ಣು ಮತ್ತೆ ಮುಚ್ಚಿತು, ಎದೆ ಈಗ ನಿಧಾನ, ತುಟಿಗೆ ಬಣ್ಣ ಬಂದಿದೆ, ಮೇಡಂ ನನ್ನ ಹೆಗಲ ಮೇಲೆ ಕೈಯಿಟ್ಟು, ಗಂಟೆ ಆಗಿ ಎಷ್ಟೊತ್ತಾಯ್ತು ಕಣೇ, ಆಂಬುಲೆನ್ಸು ಬೇಡ ಅಂತ ಹೇಳ್ಬಿಟ್ಟೆ, ಬಾಗಿಲಲ್ಲಿ ನಿಂತಿದ್ದ ದೇವರಾಜ್ ಹೊಸ್ತಿಲ ಮೇಲೆ ಕೂತೇಬಿಟ್ಟಿದ್ದಾನೆ, ಕೊಟ್ಲು ಅಜ್ಜಿ, ಕೊಟ್ಲು, ಅವನು ಮಡಕೆ ತುಂಬ — ತುಂಬ ಏನು, ಮುಂದೆ ಹೊಳೆಯುತ್ತಿಲ್ಲ, ನೋಡುತ್ತಲೇ ಇದ್ದೇನೆ, ಮಂಜು, ಬಂತು, ಹೋಯಿತು, ಬಂತು