ಬಲಕ್ಕೆ ಬಿದ್ದ ಸೆರಗು

ಸೆರಗು ಬಲಕ್ಕಿದೆ. ಹಾಗಾದರೆ ನೆಗೆಟಿವ್ ಉಲ್ಟಾ ಇರಬೇಕು. ಅಥವಾ ಇಲ್ಲವೋ? ಶಿವಯೋಗಿ ಕೊಣ್ಣೂರನ ಬೆರಳು ನನ್ನ ತಿರುಪಿನ ಮೇಲೆ ನಿಂತೇಬಿಟ್ಟಿತ್ತು. ತಾನೇ ಕಂಡ ಮುದುಕಿ, ತಾನೇ ತೆಗೆದ ಚಿತ್ರ. ಆದರೂ ಅವಳು ಯಾವ ಭುಜಕ್ಕೆ ಸೆರಗು ಹೊದ್ದಿದ್ದಳೆಂಬುದು ಅವನಿಗೆ ನೆನಪಾಗುತ್ತಿರಲಿಲ್ಲ. ಅವಳ ಮುಖದ ಮೇಲಿನ ಬೆಳಕಷ್ಟೇ ನೆನಪಿತ್ತು. ಕೊನೆಗೆ ನೆಗೆಟಿವನ್ನು ಹೊರಗೆಳೆದು, ಮಗುಚಿ, ಮತ್ತೆ ನನ್ನ ಹೊಟ್ಟೆಗೆ ಇಟ್ಟ. ಸೆರಗು ಎಡಕ್ಕೆ ಬಂತು. ಅವನ ಉಸಿರು ಹಗುರಾಯಿತು. ಅದು ತಪ್ಪೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಾನು ಒಂದು ಎನ್‌ಲಾರ್ಜರ್. ಬೆಂಕಿಪೆಟ್ಟಿಗೆಯಷ್ಟು ಅಗಲದ ನೆಗೆಟಿವನ್ನು ಹೊಟ್ಟೆಯಲ್ಲಿಟ್ಟುಕೊಂಡು, ತಲೆಯಲ್ಲಿರುವ ಬಲ್ಬಿನ ಬೆಳಕನ್ನು ಅದರ ಮೂಲಕ ಹಾಯಿಸಿ, ಕೆಳಗಿನ ಕಾಗದದ ಮೇಲೆ ಚಿತ್ರವನ್ನು ದೊಡ್ಡದಾಗಿ ಬೀಳಿಸುವುದು ನನ್ನ ಕಸುಬು. ಬೆಂಗಳೂರಿನ ಒಂದು ಲೇತ್ ಶೆಡ್ಡಿನಲ್ಲಿ ಹುಟ್ಟಿದೆ. ತಲೆ ಅಲ್ಯೂಮಿನಿಯಂ, ಕಂಬ ಕಬ್ಬಿಣ, ಪಾದ ತೇಗದ ಹಲಗೆ. ಕಣ್ಣು, ಅಂದರೆ ಲೆನ್ಸು, ಮಾತ್ರ ಪರದೇಶದ್ದು. ಬಿಸಿಲನ್ನು ನಾನು ಕಂಡದ್ದು ಎರಡೇ ಸಲ, ಅದೂ ಊರು ಬದಲಿಸುವಾಗ. ಉಳಿದಂತೆ ಕತ್ತಲೆಯೇ ನನ್ನ ಮನೆ. ಅಲ್ಲಿ ಮಾತು ಕಡಿಮೆ. ನೀರಿನ ಸದ್ದು, ಗಡಿಯಾರದ ಸದ್ದು, ಮನುಷ್ಯರ ಉಸಿರು. ಬೆರಳು ತಿರುಪನ್ನು ಹಿಡಿಯುವ ರೀತಿಯಿಂದಲೇ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯುವುದನ್ನು ನಾನು ಬೇಗ ಕಲಿತೆ.

ಮೊದಲ ಯಜಮಾನರು ಮೈಸೂರಿನ ಸುಬ್ಬಕೃಷ್ಣಯ್ಯನವರು. ಅವರ ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ದೊಡ್ಡ ದೀಪ, ಎದುರಿಗೆ ಚೌಕಟ್ಟಿಗೆ ಬಿಗಿದ ಒಂದು ಹಳೆಯ ಪಂಚೆ. ದೀಪದ ಬೆಳಕು ಒಂದು ಕೆನ್ನೆಗೆ ಬಿದ್ದರೆ, ಪಂಚೆಯಿಂದ ಮರಳಿ ಬಂದ ಬೆಳಕು ಇನ್ನೊಂದು ಕೆನ್ನೆಯನ್ನು ಮೆಲ್ಲಗೆ ಮುಟ್ಟುತ್ತಿತ್ತು. ಗದಗಿನಿಂದ ಬಿ.ಎ. ಮುಗಿಸಿಕೊಂಡು ಅವರ ಬಳಿ ಕೆಲಸ ಕಲಿಯಲು ಬಂದ ಶಿವಯೋಗಿಗೆ ಅವರು ಹೇಳಿದ ಮಾತು ಗೋಡೆಯ ಈಚೆಗೂ ಕೇಳಿಸಿತ್ತು: “ಬೆಳಕು ಅಂದ್ರೆ ಸುಣ್ಣ ಅಲ್ಲಪ್ಪ, ಮುಖದ ತುಂಬ ಬಳಿಯೋದಕ್ಕೆ. ಒಂದು ಕೆನ್ನೆಗೆ ಕೊಡು. ಇನ್ನೊಂದು ಕೆನ್ನೆ ಕೇಳಿ ಇಸ್ಕೊಳ್ಳಲಿ.”

ಯಜಮಾನರಿಗೆ ನೆಗೆಟಿವಿನ ಅಂಕಿ ಅಚ್ಚಾದ ಅಂಚನ್ನು ಕತ್ತರಿಸುವ ಚಟ. ಎರಡೂ ಮೈಯ ಮೇಲೆ ಪೆನ್ಸಿಲಿನಿಂದ ತಿದ್ದುವ ಅಭ್ಯಾಸ ಬೇರೆ. ಹೀಗಾಗಿ ಯಾವ ಮೈ ಮೇಲೆ, ಯಾವುದು ಕೆಳಗೆ ಎಂಬುದೇ ತಿಳಿಯುತ್ತಿರಲಿಲ್ಲ. ಅದಕ್ಕೆ ಅವರದೇ ಒಂದು ಸೂತ್ರವಿತ್ತು: ಗಂಡಸರಾದರೆ ಅಂಗಿಯ ಜೇಬು ನೋಡು, ಹೆಂಗಸರಾದರೆ ಸೆರಗು ನೋಡು. ಎರಡೂ ಎಡಕ್ಕಿದ್ದರೆ ಚಿತ್ರ ಸರಿ. ಹನ್ನೆರಡು ವರ್ಷ ಶಿವಯೋಗಿ ಆ ಸೂತ್ರವನ್ನು ಉಂಡು ಬೆಳೆದ; ಅಂಚು ಕತ್ತರಿಸುವ, ತಿದ್ದುವ ಅಭ್ಯಾಸವೂ ಅವನಿಗೆ ಅಂಟಿತು. ಒಮ್ಮೆ ಧಾರವಾಡದ ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿಯ ಹೆಂಡತಿ ತನ್ನ ಚಿತ್ರವನ್ನು ಬಹಳ ಹೊತ್ತು ನೋಡಿ, ಏನೂ ಹೇಳದೆ ತೆಗೆದುಕೊಂಡು ಹೋದಳಂತೆ. ಆಗ ಯಾರೂ ಅದರ ಬಗ್ಗೆ ಯೋಚಿಸಲಿಲ್ಲ.

ಬಣ್ಣದ ಫಿಲ್ಮು ಬಂದು ಕತ್ತಲೆ ಕೋಣೆಗೆ ಕೆಲಸವಿಲ್ಲದಂತಾದಾಗ, ಊರಿಗೆ ಹೊರಟ ಶಿಷ್ಯನಿಗೆ ಸುಬ್ಬಕೃಷ್ಣಯ್ಯನವರು ನನ್ನನ್ನು ಕೊಟ್ಟುಬಿಟ್ಟರು. ಕೌದಿ ಸುತ್ತಿಸಿಕೊಂಡು, ರೈಲಿನಲ್ಲಿ ಅವನ ಕಾಲ ಬಳಿ ಕುಳಿತು ಗದಗಿಗೆ ಬಂದೆ.

ಅಲ್ಲಿಂದ ನನ್ನ ದೇಶಾಟನೆ ಶುರು. ತಿರುಗಿದವನು ಅವನು, ನೋಡಿದವನು ನಾನು. ವಾರದ ಉಳಿದ ದಿನಗಳಲ್ಲಿ ಮದುವೆಯ ಬಣ್ಣದ ಚಿತ್ರಗಳು ಹುಬ್ಬಳ್ಳಿಯ ಮಷೀನಿಗೆ ಹೋಗುತ್ತಿದ್ದವು. ಸೋಮವಾರ ಸ್ಟುಡಿಯೋ ಮುಚ್ಚಿ ಅವನು ಕ್ಯಾಮೆರಾ ಹೆಗಲಿಗೇರಿಸಿ ಬಸ್ಸು ಹತ್ತುತ್ತಿದ್ದ. ಬಾದಾಮಿಯ ಬಂಡೆಗಳು ನನ್ನ ಹೊಟ್ಟೆಗೆ ಬಂದವು. ಲಕ್ಕುಂಡಿಯ ಬಾವಿಯ ಮೆಟ್ಟಿಲುಗಳು, ಕಪ್ಪತಗುಡ್ಡದ ಕುರಿ ಹಿಂಡು, ತುಂಗಭದ್ರೆಯ ಹರಿಗೋಲು ಎಲ್ಲ ಬಂದವು. ನನಗೆ ಆಕಾಶವೆಂದರೆ ಕಪ್ಪು, ನೆರಳೆಂದರೆ ಬಿಳುಪು. ಕಾಗದವನ್ನು ದ್ರಾವಣದ ತಟ್ಟೆಯಲ್ಲಿ ಅದ್ದಿದಾಗ ಮೊದಲು ಹುಬ್ಬು, ಆಮೇಲೆ ಕಣ್ಣು, ಆಮೇಲೆ ಇಡೀ ಮನುಷ್ಯ ಮೇಲೆದ್ದು ಬರುವುದನ್ನು ಶಿವಯೋಗಿ ಪ್ರತಿ ಸಲವೂ ಮೊದಲ ಸಲ ಎಂಬಂತೆ ಬಗ್ಗಿ ನೋಡುತ್ತಿದ್ದ. ಒಂದು ಚಿತ್ರಕ್ಕೆ ಹದಿನೈದು ಕಾಗದ ಕೆಡಿಸಿದ್ದೂ ಉಂಟು.

ಅಣ್ಣ ಗುರಪ್ಪನಿಗೆ ಇದು ಸರಿಬರಲಿಲ್ಲ. ಸ್ಟುಡಿಯೋ ಇದ್ದ ಕಟ್ಟಡ ಇಬ್ಬರಿಗೂ ಸೇರಿದ್ದು. “ನನ್ನ ತಮ್ಮ ಕತ್ತಲ್ಯಾಗ ಕುಂತು ಬೆಳಕು ಹುಡುಕ್ತಾನ” ಎಂದು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದ. ಕೊನೆಗೊಂದು ದಿನ ನನ್ನ ಬಾಗಿಲಲ್ಲೇ ನಿಂತು ಮಾತು ಮುಗಿಸಿದ: “ತಮ್ಮಾ, ಮೈಸೂರಾಗ ಅದೇನೋ ಸ್ಪರ್ಧೆ ಅಂದ್ಯಲ್ಲ, ಒಮ್ಮೆ ಕಳಿಸಿ ನೋಡು. ಅವರು ಹೌದು ಅಂದ್ರ ಈ ಖೋಲಿ ನಿಂದು, ನಾ ಮತ್ತ ಬಾಯಿ ತೆಗ್ಯಂಗಿಲ್ಲ. ಅಲ್ಲ ಅಂದ್ರ ನನಗ ಬಿಡು, ಝೆರಾಕ್ಸ್ ಇಡ್ತೀನಿ.” ಶಿವಯೋಗಿ ಹೂಂ ಎಂದು ತಲೆಯಾಡಿಸಿದ. 

ಸ್ಪರ್ಧೆಗೆಂದು ಅವನು ಆರಿಸಿದ್ದು ಆ ಮುದುಕಿಯ ಚಿತ್ರವನ್ನೇ. ಅವಳ ಹೆಸರು ತಿಪ್ಪವ್ವ, ಕಪ್ಪತಗುಡ್ಡದ ಬುಡದ ಹಳ್ಳಿಯವಳು, ಕಂಬಳಿಗೆ ಉಣ್ಣೆ ನೂಲುವವಳು. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಒಂದೇ ಕೋಲು ಬಿಸಿಲಿನಲ್ಲಿ ಅವಳನ್ನು ಕೂರಿಸಿ, ಇನ್ನೊಂದು ಕೆನ್ನೆಗೆ ಬೆಳಕು ಬೇಕಾದಾಗ ಸೊಸೆಯ ಕೈಗೆ ಹಿಟ್ಟು ಮೆತ್ತಿದ ಪರಾತದ ಅಗಲ ತಟ್ಟೆಯನ್ನೇ ಕೊಟ್ಟು ಹಿಡಿಸಿದ್ದ. ನಾನು ಮೊದಲಿಗೆ ಹೇಳಿದ ತಪ್ಪು ನಡೆದದ್ದು ಆ ಚಿತ್ರದಲ್ಲಿ. ಸೆರಗು ಎಡಕ್ಕೆ ಬಿದ್ದ ಪ್ರತಿಯನ್ನು ಅವನು ತಿಪ್ಪವ್ವನಿಗೆ ಕೊಡಲು ಒಯ್ದ. ಸಂಜೆ ಬಂದು ಹೆಂಡತಿ ನೀಲವ್ವನಿಗೆ ಹೇಳುತ್ತ ನಕ್ಕದ್ದನ್ನು ನಾನು ಕೇಳಿದೆ. ತಿಪ್ಪವ್ವ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ತನ್ನ ಹುಬ್ಬಿನ ಮೇಲಿನ ಗಾಯ ಮುಟ್ಟಿಕೊಂಡು ಅಂದಳಂತೆ: “ಇಕೀ ನನ್ನಂಗ ಅದಾಳ, ಖರೇ. ಆದ್ರ ನಾ ಅಲ್ಲಪಾ. ನನಗ ಟಗರು ಹಾಯ್ದದ್ದು ಈ ಕಡೆ, ಇಕೀಗೆ ಆ ಕಡೆ. ಮ್ಯಾಲೆ ಸೆರಗೂ ಎಡಕ್ಕ ಹೊದ್ದಾಳ. ಯಾವ ಊರಾಕಿ?”

ಆಗ ಶಿವಯೋಗಿ ತನ್ನ ಹೆಂಡತಿಯ ಭುಜವನ್ನು ನೋಡಿರಬೇಕು. ನಮ್ಮ ಈ ಸೀಮೆಯ ಹೆಣ್ಣುಮಕ್ಕಳು ಬಲಕ್ಕೆ ಸೆರಗು ಹೊದೆಯುವವರು. ಹುಟ್ಟಿದಂದಿನಿಂದ ಕಂಡದ್ದನ್ನು ಹನ್ನೆರಡು ವರ್ಷದ ಸೂತ್ರ ಒರೆಸಿಹಾಕಿತ್ತು. ಅವನು ನೆಗೆಟಿವನ್ನು ಮತ್ತೆ ಮಗುಚಿದ. ಮೂರು ದಿನ ನನ್ನ ಮುಂದೆ ನಿಂತು, ಅಂಗೈಯಿಂದ ಬೆಳಕನ್ನು ತಡೆದು, ಬಿಟ್ಟು, ಉಣ್ಣೆಯ ಒಂದೊಂದು ಎಳೆಯೂ ಕಾಣುವಂತೆ ಅಚ್ಚುಮಾಡಿದ. ಅದಕ್ಕಿಂತ ಒಳ್ಳೆಯ ಕೆಲಸ ನನ್ನಿಂದ ಆಗಿಲ್ಲ.

ಮೈಸೂರಿನಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಾಣಲಿಲ್ಲ. ಗಂಡನ ಜೊತೆ ಹೋಗಿದ್ದ ನೀಲವ್ವ ಮರಳಿ ಬಂದು, ಸ್ಟುಡಿಯೋದ ಸ್ಟೂಲಿನ ಮೇಲೆ ಕುಳಿತು ಭಾವ ಗುರಪ್ಪನಿಗೆ ಹೇಳಿದ್ದನ್ನು ತೆರೆದ ಬಾಗಿಲಿನಿಂದ ಕೇಳಿಸಿಕೊಂಡೆ. ತೀರ್ಪುಗಾರರ ಮುಖ್ಯಸ್ಥರು ಸುಬ್ಬಕೃಷ್ಣಯ್ಯನವರೇ. ಕಡೆಯ ಸುತ್ತಿನಲ್ಲಿ, ತುಂಬಿದ ಸಭೆಯಲ್ಲಿ, ಅವರು ತಿಪ್ಪವ್ವನ ಮುಂದೆ ಬಂದು ನಿಂತು, ಬೆಳಕನ್ನು ಹೊಗಳಿ, ಅಚ್ಚನ್ನು ಹೊಗಳಿ, ಆಮೇಲೆ ನಿಟ್ಟುಸಿರಿಟ್ಟರಂತೆ. “ಎಲ್ಲ ಸರಿ ಶಿವಯೋಗಿ. ಆದ್ರೆ ಉಲ್ಟಾ ಹಾಕಿದೀಯಲ್ಲಪ್ಪ. ಸೆರಗು ನೋಡು ಅಂತ ಮೊದಲ್ನೇ ದಿನವೇ ಹೇಳಿರ್ಲಿಲ್ವೆ? ಇದನ್ನ ಹೇಗೆ ಗೆಲ್ಲಿಸಲಿ?”

ಶಿವಯೋಗಿ ತಲೆ ತಗ್ಗಿಸಿ ನಿಂತ. ಚಿತ್ರವನ್ನು ಬದಿಗಿಡಲು ಯಾರೋ ಕೈ ಹಾಕಿದರು.

“ನಾ ತಡೀಲಿಲ್ರಿ ಭಾವಾರ” ಎಂದಳು ನೀಲವ್ವ. ಹಿಂದಿನ ಸಾಲಿನಿಂದ ಎದ್ದು, ಕುರ್ಚಿಗಳ ನಡುವೆ ನಡೆದು, ಚಿತ್ರದ ಪಕ್ಕದಲ್ಲೇ ಹೋಗಿ ನಿಂತಳಂತೆ. ಇಳಕಲ್ ಸೀರೆಯ ಸೆರಗು ತಲೆ ಮುಚ್ಚಿ ಬಲ ಭುಜದಿಂದ ಇಳಿದಿತ್ತು. ಅಷ್ಟು ಜನರ ಮುಂದೆ ಕೇಳಿದಳು: “ಸಾಹೇಬ್ರ, ನನ್ನೂ ಉಲ್ಟಾ ಹಾಕ್ಯಾರೇನ್ರಿ?”

 ಮೊದಲು ನಕ್ಕವರು ಸುಬ್ಬಕೃಷ್ಣಯ್ಯನವರಂತೆ. ಕನ್ನಡಕ ತೆಗೆದು ಒರೆಸಿಕೊಂಡು, ಅವಳ ಭುಜ ನೋಡಿದರು, ತಿಪ್ಪವ್ವನ ಭುಜ ನೋಡಿದರು. “ಅಯ್ಯೋ ತಾಯಿ, ಎಷ್ಟು ಜನ ಹೆಣ್ಣುಮಕ್ಕಳನ್ನ ತಿರುಗಿಸಿಬಿಟ್ಟೆನೋ ನಾನು” ಎಂದು ಕೈಮುಗಿದರು. ಅಷ್ಟು ದೊಡ್ಡ ಮನುಷ್ಯರು ತಮ್ಮ ತಪ್ಪನ್ನು ಎಲ್ಲರ ಮುಂದೆ ಒಪ್ಪಿಕೊಂಡರು. ಮೊದಲ ಬಹುಮಾನ ತಿಪ್ಪವ್ವನಿಗೇ ಬಂತು. ಚಪ್ಪಾಳೆ ಎಷ್ಟು ಹೊತ್ತು ಎಂದು ಗುರಪ್ಪ ಕೇಳಿದ್ದಕ್ಕೆ, “ನನ್ನ ಕಾಲು ನೋಯೂತನಕ” ಎಂದಳು ನೀಲವ್ವ. ಗುರಪ್ಪ ಎದ್ದು ಬಂದು ನನ್ನ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದ, ಒಳಗೆ ಬೆಳಕು ಬೀಳಬಾರದೆಂದು. ಆ ಬಾಗಿಲನ್ನು ಅವನು ಹಾಗೆ ಮುಚ್ಚಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಸ್ಟುಡಿಯೋ ತೆರೆಯುವ ಮೊದಲೇ ಶಿವಯೋಗಿ ಒಬ್ಬನೇ ಒಳಬಂದ. ನನ್ನ ಹೊಟ್ಟೆಯಲ್ಲೇ ಉಳಿದಿದ್ದ ತಿಪ್ಪವ್ವನ ನೆಗೆಟಿವನ್ನು ತೆಗೆದು, ತುಟಿ ಒದ್ದೆ ಮಾಡಿಕೊಂಡು, ಕೆಳಗಿದ್ದ ಮೈಯ ಅಂಚನ್ನು ತುಟಿಗೆ ತಾಕಿಸಿದ. ರಸಾಯನ ಬಳಿದ ಮೈಯಾದರೆ ಅಂಟುತ್ತದೆ, ನುಣುಪು ಮೈಯಾದರೆ ಜಾರುತ್ತದೆ; ರಸಾಯನದ ಮೈ ಕೆಳಗೆ ಕಾಗದದತ್ತ ಇದ್ದರೆ ಚಿತ್ರ ಸರಿ; ಕಸುಬಿನವರಿಗೆ ಇದಕ್ಕಿಂತ ನಿಜವಾದ ಪರೀಕ್ಷೆಯಿಲ್ಲ. ಅಂಟಿತು. ಚಿತ್ರ ಸರಿಯಾಗಿಯೇ ಇತ್ತು. ಅವನು ನನ್ನ ಕಂಬಕ್ಕೆ ಹಣೆ ಹಚ್ಚಿ ಸ್ವಲ್ಪ ಹೊತ್ತು ನಿಂತ.

ಈಗ ನನಗೆ ವಯಸ್ಸಾಗಿದೆ. ಕಣ್ಣಿನ ಮೇಲೆ ಗೀರು, ತಿರುಪಿನಲ್ಲಿ ಸಡಿಲ. ಆದರೆ ಕೆಲಸ ನಿಂತಿಲ್ಲ. ಕೈಯಿಂದ ಅಚ್ಚುಮಾಡುವುದನ್ನು ಕಲಿಯಲು ಕಾಲೇಜಿನ ಹೆಣ್ಣುಮಕ್ಕಳು, ಗಂಡುಮಕ್ಕಳು ಕಲಬುರಗಿಯಿಂದಲೂ ಬರುತ್ತಾರೆ. ಕಾಗದದ ಮೇಲೆ ಮುಖ ಮೂಡಿದಾಗ ಅವರೆಲ್ಲರ ಉಸಿರೂ ಒಂದೇ ಕಡೆ ತಡೆಯುತ್ತದೆ. ಮೈಸೂರಿನ ಆ ಮಧ್ಯಾಹ್ನದ ಕತೆಯನ್ನು ನೀಲವ್ವ ಅವರಿಗೆಲ್ಲ ಹೇಳುತ್ತಾಳೆ, ಪ್ರತಿ ಸಲ ಚಪ್ಪಾಳೆಯನ್ನು ಇನ್ನಷ್ಟು ಉದ್ದ ಮಾಡಿ. ತನ್ನ ಗಂಡನಿಗೆ ಎಲ್ಲ ಗೊತ್ತಿತ್ತು, ಗುರುಗಳ ಮಾನ ಕಾಯಲು ಸುಮ್ಮನಿದ್ದರು ಎಂದು ಸೇರಿಸುತ್ತಾಳೆ. ಶಿವಯೋಗಿ ದ್ರಾವಣದ ತಟ್ಟೆಯನ್ನು ತೂಗುತ್ತ ಕೇಳುತ್ತಾನೆ.

ಆ ಸಭೆಯಲ್ಲಿ ಗುರುಗಳ ಮಾತನ್ನು ತಾನೂ ನಂಬಿದ್ದೆ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.