ಊದಾಕಿಲ್ಲ

"ಹೊಗೆ ಕುಡಿದೆ ಅಂತೀರಿ. ಸಿಗರೇಟಿಂದೇ ಇರಬೇಕು ಮೇಡಂ. ನಿಮ್ಮ ಜನಕ್ಕೆ ಆ ಚಟ ಜಾಸ್ತಿ ಅಲ್ವಾ?"

ಮಾಜಿ ಸೈನಿಕರ ಆಸ್ಪತ್ರೆಯ ಗಾಜಿನ ಕಿಂಡಿಯಾಚೆ ಕೂತ ಗುಮಾಸ್ತ ಹ್ಯಾಸ್ಕೆಲ್ ತಲೆಯೆತ್ತದೆ ಹೇಳಿದ. ಈಚೆ ನಿಂತಿದ್ದ ಕಪ್ಪು ಹೆಂಗಸು ವರ್ನೀಸ್ ಟಾಲಿವರ್‌ಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಅವಳು ಕೆಮ್ಮಿ ಮುಗಿಸುವತನಕ ಅವನು ಮೂಗಿಗೆ ಕರವಸ್ತ್ರ ಹಿಡಿದುಕೊಂಡ.

"ಸಿಗರೇಟು ಮುಟ್ಟಿದೋಳಲ್ಲ ಕಣಪ್ಪಾ ನಾನು. ಇರಾಕಿನಾಗೆ ದಂಡಿನ ಕಸಕ್ಕೆ ಬೆಂಕಿ ಇಕ್ಕಿದ್ದು ಇದೇ ಕೈ. ಟೈರು, ಬ್ಯಾಟ್ರಿ, ಡಾಕ್ಟ್ರು ಕುಯ್ದು ಬಿಸಾಕಿದ ಕಾಲು, ಎಲ್ಲಾನೂ ಗುಂಡಿಗಾಕಿ ವಿಮಾನದ ಎಣ್ಣೆ ಸುರ್ದು ಉರಿಸ್ದೆ. ಎಂಟು ತಿಂಗ್ಳು."

"ನೀವು ಆ ಗುಂಡಿ ಹತ್ತಿರ ಇದ್ರಿ ಅನ್ನೋದಕ್ಕೆ ದಾಖಲೆ ಇಲ್ಲ. ಮೂರನೇ ಸಲ ಹೇಳ್ತಿದೀನಿ. ಅರ್ಜಿ ವಜಾ. ಮುಂದಿನವರು ಬನ್ನಿ."

ಪಿಂಚಣಿಯ ಅರ್ಜಿ ಪಾಸಾಗಿದ್ದರೆ ಅವಳು ಕೆಲಸ ಬಿಟ್ಟು ಮನೆಯಲ್ಲಿ ಕೂತು ಉಸಿರಾಡಬಹುದಿತ್ತು. ಅವಳಿಗಿನ್ನೂ ನಲವತ್ತೊಂಬತ್ತು. ಮಹಡಿ ಹತ್ತುವಾಗ ಎರಡು ಕಡೆ ನಿಲ್ಲುತ್ತಿದ್ದಳು. ಆದರೆ ಗಂಟೆ ಹನ್ನೆರಡಾಗಿತ್ತು. ಅದೇ ಆಸ್ಪತ್ರೆಯಲ್ಲಿ ಕಸ ಗುಡಿಸುವ ಪಾಳಿ ಅವಳದು. ನೀಲಿ ಅಂಗಿ ತೊಟ್ಟು, ಬಕೆಟ್ಟು ತಳ್ಳಿಕೊಂಡು ಮೇಲೆ ಹೋದಳು.

ಮೇಲಿನ ಸಭಾಂಗಣದಲ್ಲಿ ಯಾರೋ ಕಾಫಿ ಚೆಲ್ಲಿದ್ದರು. ವಿಶ್ವವಿದ್ಯಾಲಯದ ಡಾಕ್ಟರ್ ಲಿಂಡ್‌ಗ್ರೆನ್ ದೂರದಿಂದ ಬಂದ ಸಂಶೋಧಕರ ಮುಂದೆ ಭಾಷಣ ಮಾಡುತ್ತಿದ್ದ. ವರ್ನೀಸ್ ಮಂಡಿಯೂರಿ ಒರೆಸುತ್ತ ಬಂದಂತೆ ಕುರ್ಚಿಯಲ್ಲಿದ್ದವರು ಅವಳತ್ತ ನೋಡದೆಯೇ ಕಾಲೆತ್ತಿಕೊಂಡರು.

"ಇಷ್ಟು ಸಂಪೂರ್ಣವಾದ ಮಾಹಿತಿ ನಿಮಗೆ ಬೇರೆಲ್ಲೂ ಸಿಗೋದಿಲ್ಲ," ಎನ್ನುತ್ತಿದ್ದ ಲಿಂಡ್‌ಗ್ರೆನ್. "ಲಕ್ಷಾಂತರ ಸೈನಿಕರು. ಯಾರು ಯಾವ ಶಿಬಿರದಲ್ಲಿದ್ದರು, ಯಾವತ್ತು ಕೆಮ್ಮಿದರು, ಯಾವ ಮಾತ್ರೆ ನುಂಗಿದರು, ಹೇಗೆ ಸತ್ತರು, ಒಂದೂ ಬಿಟ್ಟಿಲ್ಲ. ಕೇಳಿದ ಸಂಶೋಧಕರಿಗೆಲ್ಲ ಕೊಡ್ತೀವಿ."

ಪರದೆಯ ಮೇಲೆ ಅವಳು ಎಂಟು ತಿಂಗಳು ಕಳೆದ ಶಿಬಿರದ ಹೆಸರು ಮೂಡಿತು. ಅದರ ಕೆಳಗೆ, ಕಸದ ಗುಂಡಿ ಉರಿಸಿದವರು: ನಾಲ್ಕುನೂರ ಹನ್ನೆರಡು ಮಂದಿ. ಒಬ್ಬೊಬ್ಬರಿಗೆ ಒಂದೊಂದು ನೀಲಿ ಚುಕ್ಕಿ. ವರ್ಷ ಕಳೆದು ಉಸಿರು ಕುಗ್ಗಿದಂತೆ ಚುಕ್ಕಿಗಳು ಕೆಳಕ್ಕೆ ಇಳಿಯುತ್ತಿದ್ದವು.

ವರ್ನೀಸ್ ಒದ್ದೆ ಬಟ್ಟೆ ಹಿಡಿದುಕೊಂಡೇ ಎದ್ದು ನಿಂತಳು.

"ಸಾಯೇಬ್ರೇ, ಅದ್ರಾಗೆ ನಾ ಎಲ್ಲಿವ್ನಿ?"

ಕೆಲವರು ನಕ್ಕರು. ಲಿಂಡ್‌ಗ್ರೆನ್ ನಗಲಿಲ್ಲ, ಸಭ್ಯಸ್ಥ. "ನೀವೂ ಸೈನ್ಯದಲ್ಲಿದ್ರಾ? ನಿಮ್ಮ ಸೇವೆಗೆ ವಂದನೆ. ಹೆಸರುಗಳನ್ನ ತೆಗೆದುಬಿಟ್ಟಿದೀವಿ ಮೇಡಂ, ನಿಮ್ಮ ಗುಟ್ಟು ಕಾಪಾಡೋಕೆ."

"ನಂದೇನ್ ಗುಟ್ಟು? ಕೆಮ್ಮಿದ್ರೆ ಕೇರಿಗೆಲ್ಲ ಕೇಳ್ತದೆ. ಕೆಳಗ್ಲ ಕಿಂಡಿಯೋನು ನಾ ಆ ಗುಂಡಿ ತಾವ ಇರ್ಲೇ ಇಲ್ಲ ಅಂತಾವ್ನೆ. ಇದ್ದೆ ಅಂತ ನೀವೇ ಒಂದ್ ಚೀಟಿ ಬರ್ಕೊಡಿ."

"ಇದು ಸಂಶೋಧನೆಗೆ ಮಾತ್ರ. ಒಬ್ಬರ ಅರ್ಜಿಗೆ ಬಳಸೋ ಹಾಗಿಲ್ಲ."

"ಹಂಗಾರೆ ನನ್ನ ಅದ್ರಿಂದ ಕಿತ್ತಾಕಿ."

"ನೀವು ಯಾವ ಚುಕ್ಕಿ ಅಂತ ನನಗೆ ಗೊತ್ತಾದ್ರೆ ತಾನೇ ತೆಗೆಯೋದು?"

ಈ ಸಲ ಎಲ್ಲರೂ ನಕ್ಕರು. ಅಷ್ಟರಲ್ಲಿ ಮೇಸ್ತ್ರಿ ಬಂದು ಅವಳ ರಟ್ಟೆ ಹಿಡಿದ. "ದೊಡ್ಡೋರ ಮಧ್ಯೆ ಬಾಯಾಕ್ತೀಯಾ? ಬಕೆಟ್ ಎತ್ಕೊಂಡು ನಡಿ ಆಚೆ."

ಗುರುವಾರ ಅವಳ ಉಸಿರಿನ ಪರೀಕ್ಷೆಯಿತ್ತು. ಹನ್ನೊಂದು ವರ್ಷದಿಂದ ಆರು ತಿಂಗಳಿಗೊಮ್ಮೆ ಬಂದು ಯಂತ್ರದ ಕೊಳವೆಗೆ ಊದಿ ಹೋಗುತ್ತಿದ್ದಳು. ಮೇಲಿನ ಪರದೆಯ ಚುಕ್ಕಿಗಳು ಇಳಿಯುತ್ತಿದ್ದದ್ದು ಈ ಊದಿದ ಲೆಕ್ಕದಿಂದಲೇ. ಸಾಲಿನಲ್ಲಿ ಪಕ್ಕಕ್ಕೆ ಕ್ಲೀವ್ ಹಟ್ಟೊ ಕೂತಿದ್ದ. ಎಪ್ಪತ್ತೇಳರ ಮುದುಕ, ಕಾಡಿಗೆ ವಿಷ ಸುರಿದ ಹಳೇ ಯುದ್ಧದವನು. ಮೂಗಿಗೆ ನಳಿಕೆ, ಕಾಲ ಬಳಿ ಗಾಲಿಯ ಆಮ್ಲಜನಕದ ಸಿಲಿಂಡರು, ತೊಡೆಯ ಮೇಲೆ ಬೇಯಿಸಿದ ಕಡಲೆಕಾಯಿಯ ಪೊಟ್ಟಣ. ಅವಳು ನಡೆದದ್ದನ್ನೆಲ್ಲ ಹೇಳಿದಳು.

ಕ್ಲೀವ್ ಸಿಪ್ಪೆ ಉಗಿದ. "ಮ್ಯಾಲ್ನೋರ ತಾವ ನೀ ಇದ್ದೀಯ, ಕೆಳಗ್ನೋರ ತಾವ ನೀ ಇಲ್ಲ. ಬೋಳಿಮಕ್ಳು. ಕೆಮ್ಮೋದು ಮಾತ್ರ ನೀನೇಯ."

"ನಿನ್ ಕೈಲೂ ಎಷ್ಟು ವರ್ಷದಿಂದ ಊದಿಸ್ತಾವ್ರೆ ಕ್ಲೀವಣ್ಣ?"

"ಲೆಕ್ಕ ಮರ್ತೋಯ್ತು ತಗಾ."

ಅವಳ ಹೆಸರು ಕೂಗಿದರು. ಒಳಗೆ ಟ್ಯಾರಿನ್ ಎಂಬ ಹುಡುಗಿ ಮೂಗಿಗೆ ಕ್ಲಿಪ್ಪು ಹಾಕಿ, ಕೊಳವೆಯನ್ನು ತುಟಿಗಿಟ್ಟಳು. "ಉಸಿರು ತುಂಬ್ಕೊಳ್ಳಿ. ಈಗ ಊದಿ, ಊದಿ, ಊದಿ!"

ವರ್ನೀಸ್ ಕ್ಲಿಪ್ಪು ಕಿತ್ತು ತಟ್ಟೆಗೆ ಹಾಕಿದಳು.

"ಊದಾಕಿಲ್ಲ."

"ಸುಸ್ತಾಯ್ತಾ? ಐದು ನಿಮಿಷ ಬಿಟ್ಟು ಮಾಡೋಣ."

"ಐದ್ ನಿಮ್ಸಕ್ಕೂ ಊದಾಕಿಲ್ಲ, ಐದ್ ವರ್ಷಕ್ಕೂ ಊದಾಕಿಲ್ಲ ಕಣವ್ವಾ."

ಹುಡುಗಿ ಗಾಬರಿಯಾದಳು. "ಬೇಡ ಮೇಡಂ, ನಿಮಗೇ ತೊಂದರೆ. ನಾಳೆ ಮತ್ತೆ ಅರ್ಜಿ ಹಾಕೋಕೆ ನಿಮ್ಮ ಕೈಲಿರೋ ಪುರಾವೆ ಇದೊಂದೇ."

ವರ್ನೀಸ್‌ಗೆ ಅದು ಗೊತ್ತಿತ್ತು. ಕೊಳವೆಯನ್ನು ಆಚೆ ಸರಿಸಿ ಕುರ್ಚಿಗೆ ಒರಗಿ ಕೂತಳು. ಹುಡುಗಿ ಪರದೆಯಲ್ಲಿ ಹುಡುಕಾಡಿದಳು. ಕೊನೆಗೊಂದು ಚೌಕ ಸಿಕ್ಕಿತು: ರೋಗಿ ಸಹಕರಿಸಲಿಲ್ಲ. ಅದನ್ನು ಒತ್ತಿ ನಿಟ್ಟುಸಿರು ಬಿಟ್ಟಳು.

"ಹಾಳಾದೋರು, ಅದುಕ್ಕೂ ಒಂದ್ ಜಾಗ ಮಾಡಿಕ್ಕವ್ರಾ?" ವರ್ನೀಸ್ ಪರದೆಗೆ ಬೆರಳು ಮಾಡಿದಳು. "ಯಾಕೆ ಅಂತಾನೂ ಬರಿ."

"ಕಾರಣ ಬರೆಯೋಕೆ ಜಾಗ ಕೊಟ್ಟಿಲ್ಲ ಮೇಡಂ."

"ಕೊಡಿಸು. ಅಲ್ಲೀಗಂಟ ಈ ಕುರ್ಚಿ ಬಿಟ್ಟು ಏಳಾಕಿಲ್ಲ."

ಹುಡುಗಿ ಫೋನೆತ್ತಿ ಕಾವಲಿನವರನ್ನು ಕರೆದಳು. ಹೊರಗೆ ಮುಂದಿನ ಹೆಸರು ಕೂಗಿದರು: ಹಟ್ಟೊ. ಗಾಲಿಗಳು ಕಿರುಗುಟ್ಟುತ್ತ ಬಂದು ಬಾಗಿಲಲ್ಲಿ ನಿಂತವು. ಕ್ಲೀವ್ ಒಳಗಿಣುಕಿ ಪರದೆಯಲ್ಲಿ ಒತ್ತಿದ ಚೌಕವನ್ನೂ ವರ್ನೀಸಳ ಮುಖವನ್ನೂ ನೋಡಿದ. ಆಮೇಲೆ ಚೌಕಟ್ಟು ಹಿಡಿದು, ನರಳುತ್ತ, ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೇ ಕೂತುಬಿಟ್ಟ.

"ನಂಗೂ ಅದೇ ಒತ್ತವ್ವಾ," ಎಂದ ಹುಡುಗಿಗೆ.

ಕಾರಿಡಾರಿನ ಆ ತುದಿಯಲ್ಲಿ ಬೂಟುಗಳ ಸದ್ದು ಶುರುವಾಯಿತು. ಈ ತುದಿಯ ಸಾಲಿನಲ್ಲಿ ಯಾರೋ ಕೆಮ್ಮಿದರು, ಯಾರೋ ಕುರ್ಚಿ ಹಿಂದಕ್ಕೆ ದಬ್ಬಿ ಎದ್ದರು.